ಸಿಲಿಯಾದ ರಿಪೋರ್ಟ್ ಒಂದು ಹೇಳುತ್ತದೆ, ಮಗುವಿನ ಕೆಮ್ಮು ಇನ್ನೊಂದು ಹೇಳುತ್ತದೆ

ಪ್ರಶ್ನೆ: ನಾವು ಬ್ಯಾಡಗಿಯವರು. ಮಗಳಿಗೆ ಒಂಬತ್ತು ವರ್ಷ. ದಿನ ತುಂಬಿ ಸಹಜ ಹೆರಿಗೆಯಾಗಿತ್ತು. ಆದರೂ ಮರುದಿನ ಉಸಿರಾಟದ ತೊಂದರೆ ಶುರುವಾಗಿ ಆರು ದಿನ ಆಕ್ಸಿಜನ್ ಕೊಟ್ಟಿದ್ದರು. ಅಂದಿನಿಂದ ಮೂಗು ಕಟ್ಟುವುದೂ ಕಫದ ಕೆಮ್ಮೂ ನಿಂತಿಲ್ಲ. ಮೆಣಸಿನಕಾಯಿ ಸುಗ್ಗಿ ಇಲ್ಲದ ಮಳೆಗಾಲದಲ್ಲೂ ಇದೆ, ರಜೆಗೆ ನನ್ನ ತವರಿಗೆ ಹೋದಾಗಲೂ ಇದೆ. ಕಿವಿ ಸೋರುತ್ತದೆ, ಕರೆದರೆ ಕೇಳಿಸುವುದಿಲ್ಲವೆಂದು ಶಾಲೆಯ ಅಕ್ಕೋರು ಹೇಳುತ್ತಾರೆ. ಐದನೇ ವಯಸ್ಸಿನಲ್ಲಿ ಕಫ ಪರೀಕ್ಷೆ ಮಾಡದೆಯೇ ಟಿ.ಬಿ. ಎಂದು ಆರು ತಿಂಗಳು ಗುಳಿಗೆ ಕೊಟ್ಟರು. ಮೊದಲು ಸ್ವಲ್ಪ ಕಡಿಮೆಯಾಗಿ ಮತ್ತೆ ಮೊದಲಿನಂತಾಯಿತು. ಈಗ ಮೂಗಿನಿಂದ ಸ್ಯಾಂಪಲ್ ತೆಗೆದು ಅದರಲ್ಲಿನ ಸಿಲಿಯಾ ಎಂಬ ಸೂಕ್ಷ್ಮ ರೋಮಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದ್ದಾರೆ. ಅಂದು ಅವಳಿಗೆ ಜ್ವರ, ನೆಗಡಿ ಜೋರಾಗಿತ್ತು. ಹದಿನೆಂಟು ಅಡ್ಡಕೊಯ್ತಗಳನ್ನು ನೋಡಲಾಗಿದೆ, ಹೊರ ತೋಳುಗಳು ಇವೆ, ಕೆಲವದರಲ್ಲಿ ಒಳ ತೋಳುಗಳು ಸ್ಪಷ್ಟವಿಲ್ಲ, ಕೆಲವು ಸಿಲಿಯಾ ಒಂದಕ್ಕೊಂದು ಕೂಡಿಕೊಂಡಿವೆ ಎಂದು ರಿಪೋರ್ಟ್ ಬಂದಿದೆ. ಒಬ್ಬ ವೈದ್ಯರು ಇದು ಹುಟ್ಟಿನಿಂದ ಬಂದ ಸಿಲಿಯಾ ದೋಷ ಎಂದರು. ಇನ್ನೊಬ್ಬರು, ಹೃದಯ ಎಡಕ್ಕೇ ಇರುವುದರಿಂದ ಅದಲ್ಲ, ಮನೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವುದರ ಘಾಟಿನಿಂದ ಹೀಗಾಗಿದೆ ಎಂದರು. ಯಾರ ಮಾತು ಸರಿ? ರಚನೆಯೇ ಕೆಟ್ಟಿದ್ದರೆ ಚಿಕಿತ್ಸೆ ಇದೆಯೇ? ನಾನು ಮದುವೆಯಾದದ್ದು ಸ್ವಂತ ಸೋದರಮಾವನನ್ನು. ಎರಡು ವರ್ಷದ ಮಗನೂ ಇದ್ದಾನೆ, ಅವನು ಆರೋಗ್ಯವಾಗಿದ್ದಾನೆ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಸಾಕ್ಷ್ಯಗಳಿವೆ. ಒಂದು ಆ ರಿಪೋರ್ಟ್. ಇನ್ನೊಂದು ಹುಟ್ಟಿದ ಮರುದಿನದಿಂದ ಇಂದಿನವರೆಗೆ ನಿಮ್ಮ ಮಗಳ ಉಸಿರಾಟದ ಚರಿತ್ರೆ. ವೈದ್ಯರಿಬ್ಬರ ಭಿನ್ನಾಭಿಪ್ರಾಯವೆಲ್ಲ ಮೊದಲನೆಯದರ ಸುತ್ತ ನಡೆದಿದೆ. ನನ್ನ ಅಭಿಪ್ರಾಯದಲ್ಲಿ ಎರಡನೆಯದೇ ಹೆಚ್ಚು ಗಟ್ಟಿಯಾದ ಸಾಕ್ಷ್ಯ, ಮತ್ತು ಅದು ಪ್ರೈಮರಿ ಸಿಲಿಯರಿ ಡಿಸ್ಕಿನೇಶಿಯಾ, ಅಂದರೆ ಪಿಸಿಡಿ ಎಂಬ ಹುಟ್ಟುಕಾಯಿಲೆಯ ಕಡೆಗೇ ಬೆರಳು ತೋರಿಸುತ್ತದೆ. ರಿಪೋರ್ಟ್ ಮಾತ್ರ ಆ ಕಾಯಿಲೆಯನ್ನು ಸಾಬೀತುಪಡಿಸುವುದೂ ಇಲ್ಲ, ತಳ್ಳಿಹಾಕುವುದೂ ಇಲ್ಲ. ಕಾರಣ ತಿಳಿಯಬೇಕಾದರೆ ಸಿಲಿಯಾ ಹೇಗಿರುತ್ತವೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಮೂಗಿನಿಂದ ಹಿಡಿದು ಶ್ವಾಸಕೋಶದ ಸಣ್ಣ ನಾಳಗಳವರೆಗೆ ಒಳಪದರದ ಜೀವಕೋಶಗಳ ಮೇಲೆ ಸೂಕ್ಷ್ಮ ರೋಮಗಳಿವೆ. ಒಂದು ಕೋಶದ ಮೇಲೆ ಸುಮಾರು 200. ಇವೇ ಸಿಲಿಯಾ. ಸೆಕೆಂಡಿಗೆ ಹತ್ತು ಸಲಕ್ಕೂ ಹೆಚ್ಚು ಬಡಿಯುತ್ತ, ಧೂಳು ಮತ್ತು ರೋಗಾಣುಗಳು ಅಂಟಿಕೊಂಡ ಕಫದ ಪದರವನ್ನು ಗಂಟಲಿನ ಕಡೆಗೆ ಸಾಗಿಸುವುದು ಇವುಗಳ ಕೆಲಸ. ಒಂದು ಸಿಲಿಯಾವನ್ನು ಅಡ್ಡಲಾಗಿ ಕೊಯ್ದು ನೋಡಿದರೆ ಚಕ್ಕಡಿಯ ಗಾಲಿಯಂತೆ ಕಾಣುತ್ತದೆ: ಅಂಚಿನಲ್ಲಿ ಒಂಬತ್ತು ಜೋಡಿ ನಳಿಕೆಗಳು, ನಡುವೆ ಎರಡು ಒಂಟಿ ನಳಿಕೆಗಳು, ಅಂಚಿನಿಂದ ನಡುವಿಗೆ ಅರಗಳು. ಅಂಚಿನ ಪ್ರತಿ ಜೋಡಿಯಿಂದ ಡೈನೀನ್ ಎಂಬ ಪ್ರೋಟೀನಿನ ಎರಡು ತೋಳುಗಳು ಚಾಚಿಕೊಂಡಿರುತ್ತವೆ, ಒಂದು ಹೊರಗೆ, ಒಂದು ಒಳಗೆ. ಚಲನೆಗೆ ಬಲ ಕೊಡುವುದು ಈ ತೋಳುಗಳು. ಹೊರ ತೋಳು ಮುಖ್ಯವಾಗಿ ಬಡಿತದ ವೇಗವನ್ನು, ಒಳ ತೋಳು ಬಾಗುವ ರೀತಿಯನ್ನು ನಿರ್ಧರಿಸುತ್ತವೆ. ತೋಳು ಇಲ್ಲದಿದ್ದರೆ, ಅರ ಅಥವಾ ನಡುವಿನ ನಳಿಕೆಗಳು ಕೆಟ್ಟಿದ್ದರೆ, ಸಿಲಿಯಾ ನಿಶ್ಚಲವಾಗುತ್ತವೆ ಅಥವಾ ಅಡ್ಡಾದಿಡ್ಡಿ ಬಡಿಯುತ್ತವೆ. ಕಫ ಇದ್ದಲ್ಲೇ ನಿಲ್ಲುತ್ತದೆ, ನಿಂತ ಕಫದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ, ವರ್ಷಗಟ್ಟಲೆ ಹೀಗೇ ನಡೆದರೆ ಶ್ವಾಸನಾಳಗಳ ಗೋಡೆ ಸಡಿಲವಾಗಿ ಅಗಲಗೊಳ್ಳುತ್ತದೆ. ಇದಕ್ಕೆ ಬ್ರಾಂಕಿಯೆಕ್ಟಾಸಿಸ್ ಎನ್ನುತ್ತಾರೆ. ಮೂಗಿನ ಸೈನಸ್‌ಗಳಲ್ಲೂ ಕಿವಿಯ ಮಧ್ಯಭಾಗದಲ್ಲೂ ಇದೇ ಸಿಲಿಯಾ ಇರುವುದರಿಂದ ಮೂಗು, ಕಿವಿ, ಎದೆ ಮೂರೂ ಒಟ್ಟಿಗೆ ಬಾಧೆ ಪಡುತ್ತವೆ. ನಿಮ್ಮ ಮಗಳಲ್ಲಿ ಆಗಿರುವುದು ಇದೇ.

ಈ ಕಾಯಿಲೆಯ ಚರಿತ್ರೆಯೇ ವೈದ್ಯರಿಗೆ ಸೂಕ್ಷ್ಮದರ್ಶಕದ ಚಿತ್ರದ ಮೇಲೆ ಅತಿಯಾದ ನಂಬಿಕೆ ಬರುವಂತೆ ಮಾಡಿತು ಎಂದು ನನಗೆ ಅನಿಸುತ್ತದೆ. 1933ರಲ್ಲಿ ಸ್ವಿಟ್ಜರ್ಲೆಂಡಿನ ಮಾನೆಸ್ ಕಾರ್ಟಜೆನರ್ ಅವರು ಸೈನಸ್ ಸೋಂಕು, ಬ್ರಾಂಕಿಯೆಕ್ಟಾಸಿಸ್ ಮತ್ತು ಒಳಾಂಗಗಳು ಎಡ-ಬಲ ಅದಲುಬದಲಾಗಿರುವುದು, ಈ ಮೂರೂ ಕೂಡಿರುವ ರೋಗಿಗಳನ್ನು ವರ್ಣಿಸಿದರು. ಕಾರಣ ಗೊತ್ತಾಗಿದ್ದು 1976ರಲ್ಲಿ, ಸ್ವೀಡನ್ನಿನ ಬ್ಯೋರ್ನ್ ಅಫ್ಜೇಲಿಯಸ್ ಅವರು ಇಂಥವರ ಸಿಲಿಯಾದಲ್ಲಿಯೂ ವೀರ್ಯಾಣುವಿನ ಬಾಲದಲ್ಲಿಯೂ ಡೈನೀನ್ ತೋಳುಗಳೇ ಇಲ್ಲವೆಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೋರಿಸಿದಾಗ. ಮುಂದೆ ಬಹುಕಾಲ, ಚಿತ್ರದಲ್ಲಿ ದೋಷ ಕಂಡರೆ ರೋಗ ಇದೆ, ಕಾಣದಿದ್ದರೆ ಇಲ್ಲ ಎಂಬ ತೀರ್ಮಾನ ನಡೆಯಿತು. ಅದು ಎರಡೂ ಕಡೆ ತಪ್ಪು. ಪಿಸಿಡಿ ಇರುವವರಲ್ಲಿ ಐದರಲ್ಲಿ ಒಬ್ಬರಿಗಾದರೂ ಸಿಲಿಯಾದ ರಚನೆ ಚಿತ್ರದಲ್ಲಿ ಸರಿಯಾಗಿಯೇ ಕಾಣುತ್ತದೆ. ಉದಾಹರಣೆಗೆ ಡಿಎನ್‌ಎಎಚ್11 ಎಂಬ ಜೀನ್‌ನಲ್ಲಿ ದೋಷವಿರುವವರಲ್ಲಿ ತೋಳುಗಳೆಲ್ಲ ಇದ್ದಲ್ಲೇ ಇರುತ್ತವೆ, ಆದರೆ ಬಡಿತ ಗಡಸಾಗಿದ್ದು ಕಫ ಮುಂದೆ ಸಾಗುವುದಿಲ್ಲ. ಆದ್ದರಿಂದ ‘ಹೊರ ತೋಳುಗಳು ಇವೆ’ ಎಂಬ ವಾಕ್ಯದಿಂದ ನೀವು ನಿರಾಳರಾಗುವಂತಿಲ್ಲ.

ಹಾಗೆಯೇ ‘ಒಳ ತೋಳುಗಳು ಸ್ಪಷ್ಟವಿಲ್ಲ’ ಎಂಬ ವಾಕ್ಯದಿಂದ ಗಾಬರಿಯಾಗುವಂತೆಯೂ ಇಲ್ಲ. ಹೊರ ತೋಳುಗಳು ನಳಿಕೆಯ ಉದ್ದಕ್ಕೂ ಪ್ರತಿ 24 ನ್ಯಾನೋಮೀಟರಿಗೆ ಒಂದರಂತೆ ಒತ್ತಾಗಿ ಕೂತಿರುವುದರಿಂದ ಎಲ್ಲಿ ಕೊಯ್ದರೂ ಕಪ್ಪಗೆ ಕಾಣುತ್ತವೆ. ಒಳ ತೋಳುಗಳ ಜೋಡಣೆ 96 ನ್ಯಾನೋಮೀಟರಿಗೊಮ್ಮೆ ಪುನರಾವರ್ತನೆಯಾಗುವಂಥದ್ದು; ಕೊಯ್ತ ಬಿದ್ದ ಜಾಗಕ್ಕೆ ತಕ್ಕಂತೆ ಅವು ಆರೋಗ್ಯವಂತರಲ್ಲೂ ಮಸುಕಾಗಿ ಕಾಣಬಹುದು ಅಥವಾ ಕಾಣದೇ ಹೋಗಬಹುದು. ಹೀಗಾಗಿ ಹೊರ ತೋಳು ಸರಿಯಿದ್ದು ಒಳ ತೋಳು ಮಾತ್ರ ಕಾಣದಿರುವುದನ್ನು ಇಂದಿನ ಅಂತರರಾಷ್ಟ್ರೀಯ ಮಾನದಂಡಗಳು ರೋಗದ ಪುರಾವೆ ಎಂದು ಒಪ್ಪುವುದಿಲ್ಲ. ಹೊರ ತೋಳುಗಳೇ ಇಲ್ಲದಿರುವುದು, ಹೊರ ಮತ್ತು ಒಳ ತೋಳುಗಳೆರಡೂ ಇಲ್ಲದಿರುವುದು, ಒಳ ತೋಳಿನ ಕೊರತೆಯ ಜೊತೆಗೆ ನಳಿಕೆಗಳ ಜೋಡಣೆಯೇ ಕಲಸಿಹೋಗಿರುವುದು, ಈ ಮೂರು ಮಾತ್ರ ತಾವಾಗಿಯೇ ರೋಗವನ್ನು ಸಾಬೀತುಪಡಿಸುವ ದೋಷಗಳು. ಅದಕ್ಕೂ ಕನಿಷ್ಠ 50 ಅಡ್ಡಕೊಯ್ತಗಳನ್ನು ಎಣಿಸಿರಬೇಕು. ನಿಮ್ಮ ರಿಪೋರ್ಟಿನಲ್ಲಿ ಹದಿನೆಂಟೇ ಇವೆ.

ಇನ್ನು ಸಿಲಿಯಾ ಕೂಡಿಕೊಂಡಿರುವ ವಿಚಾರ. ಒಂದೇ ಪೊರೆಯೊಳಗೆ ಹಲವು ಸಿಲಿಯಾ ಸೇರಿಕೊಳ್ಳುವುದು, ಕೋಶಗಳು ತಮ್ಮ ಸಿಲಿಯಾವನ್ನು ಉದುರಿಸುವುದು, ಇವೆಲ್ಲ ಸೋಂಕು ಮತ್ತು ಹೊಗೆಯಿಂದ ಆಗುವ ತಾತ್ಕಾಲಿಕ ಹಾನಿಯ ಗುರುತುಗಳು. ವೈರಸ್ ನೆಗಡಿಯ ನಂತರ ಯಾರ ಮೂಗನ್ನು ನೋಡಿದರೂ ಹೀಗೆ ಕಾಣಬಹುದು; ವಾರಗಳು ಕಳೆದಂತೆ ಹೊಸ ಸಿಲಿಯಾ ಬೆಳೆದು ಸರಿಹೋಗುತ್ತವೆ. ಜ್ವರ, ನೆಗಡಿ ಜೋರಾಗಿದ್ದ ದಿನವೇ ಸ್ಯಾಂಪಲ್ ತೆಗೆದಿದ್ದರೆ ಆ ಚಿತ್ರದಲ್ಲಿ ಹುಟ್ಟುದೋಷ ಎಷ್ಟು, ನೆಗಡಿಯ ಪಾಲು ಎಷ್ಟು ಎಂದು ಬೇರ್ಪಡಿಸಲು ಯಾರಿಂದಲೂ ಸಾಧ್ಯವಿಲ್ಲ. ಸೋಂಕು ಇಳಿದು ಕನಿಷ್ಠ ನಾಲ್ಕು ವಾರಗಳಾದ ಮೇಲೆ ಸ್ಯಾಂಪಲ್ ತೆಗೆಯಬೇಕೆಂಬ ನಿಯಮ ಇರುವುದು ಇದಕ್ಕೇ.

ಎರಡನೆಯ ವೈದ್ಯರ ಎರಡು ಕಾರಣಗಳನ್ನೂ ಒಪ್ಪಲು ನನಗೆ ಆಗುವುದಿಲ್ಲ. ಹೃದಯ ಎಡಕ್ಕಿರುವುದರಿಂದ ಪಿಸಿಡಿ ಅಲ್ಲ ಎಂಬುದು ವೈದ್ಯರಲ್ಲೂ ವ್ಯಾಪಕವಾಗಿರುವ ತಪ್ಪು ಕಲ್ಪನೆ. ಗರ್ಭದಲ್ಲಿ ಭ್ರೂಣ ಇನ್ನೂ ಎಳೆಯದಾಗಿರುವಾಗ, ಅದರ ಒಂದು ನಿರ್ದಿಷ್ಟ ಜಾಗದಲ್ಲಿರುವ ಸಿಲಿಯಾ ಸುತ್ತುತ್ತ ದ್ರವವನ್ನು ಎಡಕ್ಕೆ ಹರಿಸುವುದರಿಂದ ದೇಹದ ಎಡ-ಬಲಗಳು ನಿರ್ಧಾರವಾಗುತ್ತವೆ. ಆ ಹರಿವು ಇಲ್ಲದಾಗ ಹೃದಯ ಯಾವ ಕಡೆ ಹೋಗಬೇಕೆಂಬುದು ಕೇವಲ ಆಕಸ್ಮಿಕಕ್ಕೆ ಬಿಟ್ಟ ಮಾತಾಗುತ್ತದೆ, ಹಾಗಾಗಿ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನರ ಹೃದಯ ಎಡಕ್ಕೇ ಇರುತ್ತದೆ. ಅಲ್ಲದೆ ಭ್ರೂಣದ ಆ ಸಿಲಿಯಾಗಳಿಗೆ ನಡುವಿನ ಎರಡು ನಳಿಕೆಗಳೇ ಇರುವುದಿಲ್ಲ. ದೋಷ ನಡುವಿನ ನಳಿಕೆ ಅಥವಾ ಅರಗಳಲ್ಲಿದ್ದರೆ ಅಂಗಗಳು ಅದಲುಬದಲಾಗುವುದೇ ಇಲ್ಲ. ಬಲಕ್ಕೆ ಹೃದಯವಿರುವ ಮಗು ಒಂದೇ ಎಕ್ಸ್‌ರೇಯಲ್ಲಿ ವೈದ್ಯರ ಗಮನ ಸೆಳೆಯುತ್ತದೆ. ನಿಮ್ಮ ಮಗಳಂಥವರು ವರ್ಷಗಟ್ಟಲೆ ಅಲರ್ಜಿ, ಅಸ್ತಮಾ, ಟಿ.ಬಿ. ಎಂಬ ಹೆಸರುಗಳ ನಡುವೆ ಅಲೆಯುತ್ತಾರೆ.

ಮೆಣಸಿನಕಾಯಿಯ ಘಾಟು ಕೆಮ್ಮು ತರಿಸುತ್ತದೆ ನಿಜ. ಬ್ಯಾಡಗಿಯವರಿಗೆ ಅದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಅದರ ಖಾರದ ಅಂಶವಾದ ಕ್ಯಾಪ್ಸೈಸಿನ್ ಶ್ವಾಸನಾಳದ ನರತುದಿಗಳನ್ನು ಕೆರಳಿಸಿ ಸೀನು, ಕಣ್ಣೀರು, ಒಣಕೆಮ್ಮು ತರಿಸುತ್ತದೆ, ಜಾಗ ಬಿಟ್ಟು ಹೋದರೆ ಕಡಿಮೆಯಾಗುತ್ತದೆ. ಆದರೆ ಘಾಟಿನ ಮನೆಗೆ ಬರುವ ಮೊದಲೇ, ಹುಟ್ಟಿದ ಮರುದಿನವೇ ಶುರುವಾದ ತೊಂದರೆಯನ್ನು ಅದು ವಿವರಿಸಲಾರದು. ಸುಗ್ಗಿ ಮುಗಿದ ಮಳೆಗಾಲದಲ್ಲೂ ತವರಿನಲ್ಲೂ ಒಂದೇ ಸಮನಾಗಿರುವ ಕಫದ ಕೆಮ್ಮನ್ನೂ ವಿವರಿಸಲಾರದು. ಅಂದ ಮಾತ್ರಕ್ಕೆ ಘಾಟು ನಿರುಪದ್ರವಿ ಎಂದು ನಾನು ಹೇಳುತ್ತಿಲ್ಲ. ತೊಟ್ಟು ಬಿಡಿಸುವ ಕೆಲಸವನ್ನು ಅವಳು ಮಲಗುವ, ಓದುವ ಕೋಣೆಯಿಂದ ಹೊರಗೆ ಹಾಕಿರಿ; ಒಲೆಯ ಹೊಗೆ, ಬೀಡಿ-ಸಿಗರೇಟಿನ ಹೊಗೆ ಅವಳ ಹತ್ತಿರ ಸುಳಿಯಬಾರದು.

ಈಗ ಆ ಚರಿತ್ರೆಯ ಕಡೆಗೆ ಬರೋಣ, ಏಕೆಂದರೆ ನನ್ನ ಅಭಿಪ್ರಾಯ ನಿಂತಿರುವುದು ಅದರ ಮೇಲೆ. ದಿನ ತುಂಬಿ ಹುಟ್ಟಿದ ಕೆಲವು ಶಿಶುಗಳಿಗೆ ಶ್ವಾಸಕೋಶದ ನೀರು ಬೇಗ ಆರದೆ ಉಸಿರು ಜೋರಾಗುವುದುಂಟು. ಅದು ಹುಟ್ಟಿದ ಕೆಲವೇ ಗಂಟೆಗಳಲ್ಲಿ ಶುರುವಾಗಿ ಒಂದೆರಡು ಅಥವಾ ಮೂರು ದಿನಗಳಲ್ಲಿ ಹೋಗುತ್ತದೆ. ಪಿಸಿಡಿಯಲ್ಲಿ ಮಗು ಮೊದಲು ಚೆನ್ನಾಗಿದ್ದು ಸುಮಾರು ಹನ್ನೆರಡು ಗಂಟೆಗಳ ನಂತರ ಏದುಸಿರು ಬಿಡಲು ಶುರುಮಾಡುತ್ತದೆ, ಆಕ್ಸಿಜನ್ ದಿನಗಟ್ಟಲೆ ಬೇಕಾಗುತ್ತದೆ. ದಿನ ತುಂಬಿದ ಶಿಶುವಿಗೆ ಕಾರಣ ತಿಳಿಯದ ಉಸಿರಾಟದ ತೊಂದರೆ, ಎಳೆತನದಿಂದಲೇ ವರ್ಷವಿಡೀ ಮೂಗು ಕಟ್ಟುವುದು, ಎಳೆತನದಿಂದಲೇ ವರ್ಷವಿಡೀ ಕಫದ ಕೆಮ್ಮು, ಅಂಗಗಳ ಎಡ-ಬಲ ವ್ಯತ್ಯಾಸ, ಈ ನಾಲ್ಕರಲ್ಲಿ ಎರಡಿದ್ದರೂ ಮಗುವನ್ನು ಪಿಸಿಡಿ ಪರೀಕ್ಷೆಗೆ ಕಳಿಸಬೇಕೆಂಬುದು ಈಗಿನ ರೂಢಿ. ನಿಮ್ಮ ಮಗಳಲ್ಲಿ ಮೂರಿವೆ. ಅದರ ಮೇಲೆ ಕಿವಿಯ ತೊಂದರೆ ಇದೆ, ರಕ್ತಸಂಬಂಧದ ಮದುವೆಯೂ ಇದೆ.

ಟಿ.ಬಿ. ಗುಳಿಗೆಯಿಂದ ಮೊದಲು ಸ್ವಲ್ಪ ಗುಣ ಕಂಡದ್ದೇ ಟಿ.ಬಿ. ಇತ್ತು ಎಂಬುದಕ್ಕೆ ಪುರಾವೆಯಾಗಲಾರದು. ಆ ಗುಳಿಗೆಗಳಲ್ಲಿರುವ ರಿಫಾಂಪಿಸಿನ್ ಬೇರೆ ಬ್ಯಾಕ್ಟೀರಿಯಾಗಳ ಮೇಲೂ ಕೆಲಸ ಮಾಡುತ್ತದೆ, ಕಫದ ಸೋಂಕು ಕೆಲದಿನ ತಗ್ಗಿರಬಹುದು. ಇನ್ನು ಮುಂದೆ ಯಾರಾದರೂ ಮತ್ತೆ ಟಿ.ಬಿ. ಎಂದರೆ ಮೊದಲು ಕಫವನ್ನು, ಅದರಲ್ಲಿ ಟಿ.ಬಿ. ರೋಗಾಣುವನ್ನೇ ಹುಡುಕುವ ಸಿಬಿನ್ಯಾಟ್ ಪರೀಕ್ಷೆಗೆ ಕಳಿಸಲು ಕೇಳಿರಿ. ಸರಕಾರದ ಕ್ಷಯ ನಿರ್ಮೂಲನಾ ಕಾರ್ಯಕ್ರಮದಲ್ಲಿ ಅದು ಉಚಿತ.

ಆದರೆ ಪಿಸಿಡಿ ಎಂದು ಮೊಹರು ಒತ್ತುವ ಮೊದಲು ಅದರಂತೆಯೇ ಕಾಣುವ ಇತರ ಕಾಯಿಲೆಗಳು ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಬೆವರಿನ ಕ್ಲೋರೈಡ್ ಪರೀಕ್ಷೆಯಿಂದ, ಕಫ ಅಂಟಾಗಿ ಗಟ್ಟಿಯಾಗುವ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟುಕಾಯಿಲೆ ಇದೆಯೇ ಎಂದೂ, ರಕ್ತದ ಇಮ್ಯುನೋಗ್ಲಾಬ್ಯುಲಿನ್ ಪರೀಕ್ಷೆಯಿಂದ ರೋಗನಿರೋಧಕ ಶಕ್ತಿಯ ಕೊರತೆ ಇದೆಯೇ ಎಂದೂ ತಿಳಿಯುತ್ತದೆ. ನಮ್ಮ ಭಾಗದಲ್ಲಿ ಶೇಂಗಾ ಕಾಳು ಶ್ವಾಸನಾಳಕ್ಕೆ ಹೋಗಿ ಕುಳಿತು ತಿಂಗಳುಗಟ್ಟಲೆ ಕೆಮ್ಮು ತರಿಸುವುದನ್ನು ಮಕ್ಕಳ ವೈದ್ಯರೆಲ್ಲ ಬಲ್ಲರು, ಆದರೆ ಅದು ಸಾಮಾನ್ಯವಾಗಿ ಒಂದೇ ಕಡೆಯ ತೊಂದರೆ, ಹುಟ್ಟಿನಿಂದ ಇರುವಂಥದ್ದಲ್ಲ. ಎದೆಯ ಸಿ.ಟಿ. ಒಂದು ಸಲ ಮಾಡಿಸುವುದು ಉಪಯುಕ್ತ; ಪಿಸಿಡಿಯ ಹಾನಿ ಶ್ವಾಸಕೋಶದ ಮಧ್ಯ ಮತ್ತು ಕೆಳಭಾಗದಲ್ಲಿ ಹೆಚ್ಚು, ಹಳೆಯ ಟಿ.ಬಿ.ಯ ಕಲೆ ಮೇಲ್ಭಾಗದಲ್ಲಿ ಹೆಚ್ಚು.

ಪಿಸಿಡಿಗೆಂದೇ ಇರುವ ಪರೀಕ್ಷೆಗಳಲ್ಲಿ ನಿಮ್ಮ ಮಗಳಿಗೆ ಮೊದಲು ಬೇಕಾದದ್ದು ರಕ್ತದ ಜೀನ್ ಪರೀಕ್ಷೆ ಎಂದು ನನ್ನ ಸಲಹೆ. ಈ ಕಾಯಿಲೆಗೆ ಕಾರಣವಾಗುವ 50ಕ್ಕೂ ಹೆಚ್ಚು ಜೀನ್‌ಗಳು ಇಂದು ಗೊತ್ತಿವೆ. ರಕ್ತದ ಸ್ಯಾಂಪಲ್ಲನ್ನು ಹುಬ್ಬಳ್ಳಿಯಿಂದಲೇ ದೊಡ್ಡ ಪ್ರಯೋಗಾಲಯಗಳಿಗೆ ಕಳಿಸಬಹುದು, ನೀವು ಊರೂರು ಅಲೆಯಬೇಕಿಲ್ಲ. ರಕ್ತಸಂಬಂಧದ ಮದುವೆಯ ಕುಟುಂಬಗಳಲ್ಲಿ ಇದರ ಫಲಿತಾಂಶ ಓದುವುದೂ ಸುಲಭ, ಏಕೆಂದರೆ ತಂದೆ ಮತ್ತು ತಾಯಿ ಇಬ್ಬರಿಂದಲೂ ಬಂದ ಒಂದೇ ಬದಲಾವಣೆಯ ಎರಡು ಪ್ರತಿಗಳು ಮಗುವಿನಲ್ಲಿ ಸಿಗುತ್ತವೆ. ನಿಮ್ಮಿಬ್ಬರ ರಕ್ತವನ್ನೂ ಜೊತೆಗೆ ಕಳಿಸಿರಿ. ಪರೀಕ್ಷೆಯಲ್ಲಿ ಏನೂ ಸಿಗದಿದ್ದರೂ ರೋಗ ಇಲ್ಲವೆಂದಾಗುವುದಿಲ್ಲ; ನಾಲ್ವರಲ್ಲಿ ಹೆಚ್ಚು ಕಡಿಮೆ ಒಬ್ಬರಿಗೆ ಹಾಗಾಗುತ್ತದೆ. ಮೂಗಿನ ಗಾಳಿಯಲ್ಲಿ ನೈಟ್ರಿಕ್ ಆಕ್ಸೈಡ್ ಅಳೆಯುವ ಯಂತ್ರ ಕೆಲವೇ ದೊಡ್ಡ ಕೇಂದ್ರಗಳಲ್ಲಿದೆ. ಐದು ವರ್ಷ ದಾಟಿದ ಮಕ್ಕಳಿಗೆ ಅದನ್ನು ಮಾಡಬಹುದು, ನಿಮಿಷಕ್ಕೆ 77 ನ್ಯಾನೋಲೀಟರಿಗಿಂತ ಕಡಿಮೆ ಬಂದು ಸಿಸ್ಟಿಕ್ ಫೈಬ್ರೋಸಿಸ್ ಇಲ್ಲವೆಂದು ಖಚಿತವಾದರೆ ಪಿಸಿಡಿಯ ಸಂಭವ ಬಹಳ ಹೆಚ್ಚು.

ಸೂಕ್ಷ್ಮದರ್ಶಕದ ಪರೀಕ್ಷೆಯನ್ನೇ ಮತ್ತೆ ಮಾಡಿಸುವುದಾದರೆ ಅವಳು ನೆಗಡಿಯಿಂದ ಪೂರ್ತಿ ಚೇತರಿಸಿಕೊಂಡ ಮೇಲೆ ಮಾಡಿಸಿರಿ. ಅರಿವಳಿಕೆ ಬೇಕಾಗಿಲ್ಲ. ಮಗುವನ್ನು ಕೂರಿಸಿ, ಸಣ್ಣ ಬ್ರಷ್ಷನ್ನು ಮೂಗಿನೊಳಗಿನ ಕೆಳದಿಂಡಿನ ಹಿಂಭಾಗದವರೆಗೆ ತೂರಿಸಿ, ಎರಡು ಮೂರು ಸಲ ತಿರುಗಿಸಿ ಹೊರತೆಗೆಯುತ್ತಾರೆ. ಕಣ್ಣಲ್ಲಿ ನೀರು ಬರುತ್ತದೆ, ಒಮ್ಮೊಮ್ಮೆ ಒಂದೆರಡು ಹನಿ ರಕ್ತ ಬರುತ್ತದೆ, ಅಷ್ಟೇ. ಆ ಬ್ರಷ್ಷನ್ನು ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿ ಇಡಬೇಕು. ಅಭ್ಯಾಸಬಲದಿಂದ ಫಾರ್ಮಲಿನ್ ಬಾಟಲಿಗೆ ಹಾಕಿಬಿಟ್ಟರೆ ತೋಳುಗಳ ಚಿತ್ರ ಕೆಡುತ್ತದೆ, ಹಾಗಾಗಿ ಯಾವ ದ್ರಾವಣ ಎಂದು ಮೊದಲೇ ಕೇಳುವುದರಲ್ಲಿ ಸಂಕೋಚ ಬೇಡ.

ರಚನೆಯೇ ಕೆಟ್ಟಿದ್ದರೆ ಚಿಕಿತ್ಸೆ ಇದೆಯೇ ಎಂದು ಕೇಳಿದ್ದೀರಿ. ಸಿಲಿಯಾವನ್ನು ಸರಿಪಡಿಸುವ ಔಷಧ ಇಂದು ಇಲ್ಲ. ಸಿಲಿಯಾ ಮಾಡದ ಕೆಲಸವನ್ನು ಬೇರೆ ದಾರಿಯಿಂದ ಮಾಡಿಸುವುದೇ ಚಿಕಿತ್ಸೆ, ಮತ್ತು ಅದಕ್ಕೆ ಜೀನ್ ರಿಪೋರ್ಟ್ ಬರುವವರೆಗೆ ಕಾಯುವ ಅಗತ್ಯವಿಲ್ಲ. ಕಾರಣ ಯಾವುದೇ ಇರಲಿ, ಕಫ ಎದೆಯಲ್ಲಿ ನಿಲ್ಲಬಾರದು. ದಿನಕ್ಕೆ ಎರಡು ಸಲ, ಊಟಕ್ಕೆ ಮೊದಲು, ಹದಿನೈದು ಇಪ್ಪತ್ತು ನಿಮಿಷ ಕಫ ತೆಗೆಯುವ ವ್ಯಾಯಾಮ ನಡೆಯಬೇಕು. ಚಿಕ್ಕ ಮಕ್ಕಳಿಗೆ ಹೊಂದುವ ಅಗ್ಗದ ವಿಧಾನವೆಂದರೆ ಬಾಟಲಿಯಲ್ಲಿ ಗುಳ್ಳೆ ಊದುವುದು. ಅಗಲ ಬಾಯಿಯ ಬಾಟಲಿಯಲ್ಲಿ ಹತ್ತು ಸೆಂಟಿಮೀಟರ್ ಎತ್ತರಕ್ಕೆ ನೀರು ಹಾಕಿ, ಮೆದುವಾದ ನಳಿಕೆಯನ್ನು ತಳದವರೆಗೆ ಇಳಿಬಿಟ್ಟು, ಮಗು ಆಳವಾಗಿ ಉಸಿರೆಳೆದುಕೊಂಡು ನಳಿಕೆಯ ಮೂಲಕ ನಿಧಾನವಾಗಿ, ಗುಳ್ಳೆಗಳು ಎಡೆಬಿಡದೆ ಏಳುವಂತೆ ಊದಬೇಕು. ಹೀಗೆ ಕೆಲವು ಸಲ ಊದಿ, ಬಾಯಿ ತೆರೆದು ‘ಹಾ’ ಎಂದು ಜೋರಾಗಿ ಉಸಿರು ಬಿಟ್ಟು, ಬಂದ ಕಫವನ್ನು ಕೆಮ್ಮಿ ಉಗುಳಬೇಕು. ನೀರಿನ ಒತ್ತಡ ಶ್ವಾಸನಾಳಗಳನ್ನು ತೆರೆದಿಟ್ಟು ಕಫದ ಹಿಂದೆ ಗಾಳಿ ಸೇರುವಂತೆ ಮಾಡುತ್ತದೆ. ನೀರನ್ನು ಪ್ರತಿ ಸಲ ಚೆಲ್ಲಿ, ಬಾಟಲಿ ಮತ್ತು ನಳಿಕೆಯನ್ನು ತೊಳೆದು ಒಣಗಿಸಿರಿ, ಇಲ್ಲದಿದ್ದರೆ ಅದೇ ಸೋಂಕಿನ ಮೂಲವಾಗುತ್ತದೆ. ಮೊದಲ ಸಲ ಫಿಸಿಯೋಥೆರಪಿಸ್ಟ್ ಎದುರಿಗೇ ಮಾಡಿ ಕಲಿಯಬೇಕು. ಓಟ, ಹಗ್ಗದಾಟ, ಕಬಡ್ಡಿ ಯಾವುದನ್ನೂ ತಡೆಯಬೇಡಿರಿ. ಆಡಿದ ಮೇಲೆ ಕೆಮ್ಮು ಹೆಚ್ಚಾದರೆ ಅದು ಕಫ ಮೇಲೆ ಬರುತ್ತಿರುವ ಲಕ್ಷಣ.

ಕೆಮ್ಮು ತಡೆಯುವ ಸಿರಪ್ ಈ ಮಗುವಿಗೆ ಕೊಡಲೇಬಾರದು. ಸಿಲಿಯಾ ಕೆಲಸ ಮಾಡದವರಿಗೆ ಕೆಮ್ಮೇ ಉಳಿದಿರುವ ದಾರಿ. ಅಸ್ತಮಾ ಇದೆಯೆಂದು ಸ್ಪೈರೋಮೆಟ್ರಿಯಲ್ಲಿ, ಅಂದರೆ ಊದಿಸಿ ಉಸಿರನ್ನು ಅಳೆಯುವ ಪರೀಕ್ಷೆಯಲ್ಲಿ, ಕಾಣದಿದ್ದರೆ ಇನ್‌ಹೇಲರಿನ ಸ್ಟೀರಾಯ್ಡ್ ಕೂಡ ಬೇಡ. ಮೂರು ತಿಂಗಳಿಗೊಮ್ಮೆ ಕಫವನ್ನು, ಅದರಲ್ಲಿರುವ ಬ್ಯಾಕ್ಟೀರಿಯಾ ಯಾವುದೆಂದು ತಿಳಿಯಲು, ಕಲ್ಚರ್‌ಗೆ ಕಳಿಸಿ, ಕಫದ ಬಣ್ಣ ತಿರುಗಿದಾಗ ಅಥವಾ ಕೆಮ್ಮು ಹೆಚ್ಚಾದಾಗ ಆ ವರದಿಗೆ ಹೊಂದುವ ಆ್ಯಂಟಿಬಯೋಟಿಕ್ಕನ್ನು ಎರಡು ವಾರ ಪೂರ್ತಿ ಕೊಡಬೇಕು; ಮೂರು ದಿನಕ್ಕೆ ನಿಲ್ಲಿಸುವುದು ಈ ಮಕ್ಕಳಿಗೆ ಸಾಲದು. ಫ್ಲೂ ಲಸಿಕೆ ವರ್ಷಕ್ಕೊಮ್ಮೆ ಬೇಕು, ನ್ಯುಮೋಕಾಕಸ್ ಲಸಿಕೆ ಆಗಿಲ್ಲದಿದ್ದರೆ ಅದೂ ಬೇಕು. ಯುರೋಪಿನ ಹಲವು ಕೇಂದ್ರಗಳಲ್ಲಿ 90 ಪಿಸಿಡಿ ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವಾರಕ್ಕೆ ಮೂರು ಸಲದಂತೆ ಆರು ತಿಂಗಳು ಅಜಿಥ್ರೋಮೈಸಿನ್ ಪಡೆದವರಲ್ಲಿ ರೋಗ ಉಲ್ಬಣಿಸುವುದು ಅರ್ಧದಷ್ಟು ಕಡಿಮೆಯಾಯಿತು. ಪದೇ ಪದೇ ಉಲ್ಬಣಿಸುವವರಿಗೆ ಇದು ಒಳ್ಳೆಯ ದಾರಿ, ಆದರೆ ಈ ಔಷಧ ಕೆಲವರ ಶ್ರವಣವನ್ನು ಕುಂದಿಸಬಲ್ಲದು. ಈಗಾಗಲೇ ಕಿವಿ ಮಂದವಿರುವ ನಿಮ್ಮ ಮಗಳಿಗೆ ಶ್ರವಣ ಪರೀಕ್ಷೆ ಮತ್ತು ಇ.ಸಿ.ಜಿ. ಮುಗಿಸದೆ ಅದನ್ನು ಶುರುಮಾಡಬಾರದು.

ಶ್ರವಣ ಪರೀಕ್ಷೆಯನ್ನಂತೂ ಈ ತಿಂಗಳೇ ಮಾಡಿಸಿರಿ. ಹುಬ್ಬಳ್ಳಿ-ಧಾರವಾಡದ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಕಿವಿ-ಮೂಗು-ಗಂಟಲು ವಿಭಾಗಕ್ಕೆ ನೇರವಾಗಿ ಹೋಗಬಹುದು. ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೂ ತಿಳಿಸಿರಿ, ಶ್ರವಣದೋಷ ಅವರ ವ್ಯಾಪ್ತಿಯಲ್ಲೇ ಬರುತ್ತದೆ. ಕಿವಿಯ ತಮಟೆಗೆ ಗ್ರಾಮೆಟ್ ಎಂಬ ಸಣ್ಣ ನಳಿಕೆ ಹಾಕುವ ಸಲಹೆ ಬಂದರೆ ಎರಡನೆಯ ಅಭಿಪ್ರಾಯ ಪಡೆಯಿರಿ. ಪಿಸಿಡಿ ಇರುವ ಅನೇಕ ಮಕ್ಕಳಲ್ಲಿ ಅದರಿಂದ ಕಿವಿ ಸೋರುವುದು ದೀರ್ಘಕಾಲ ಮುಂದುವರಿಯುತ್ತದೆ. ಹದಿಹರೆಯದ ಹೊತ್ತಿಗೆ ಶ್ರವಣ ಸುಧಾರಿಸುವುದು ಸಾಮಾನ್ಯವಾಗಿರುವುದರಿಂದ, ಅಲ್ಲಿಯವರೆಗೆ ಶ್ರವಣಸಾಧನ ಬಳಸುವುದೇ ಎಷ್ಟೋ ಸಲ ಮೇಲು.

ಕೊನೆಯದಾಗಿ ಕುಟುಂಬದ ಪ್ರಶ್ನೆ. ಪಿಸಿಡಿ ಬಹುತೇಕ ಸಂದರ್ಭಗಳಲ್ಲಿ ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದಾಗ ಮಾತ್ರ ಕಾಣಿಸಿಕೊಳ್ಳುತ್ತದೆ. ಒಂದೇ ಪ್ರತಿ ಇರುವ ನೀವಿಬ್ಬರೂ ಆರೋಗ್ಯವಾಗಿಯೇ ಇರುತ್ತೀರಿ. ಸೋದರಮಾವನ ಮದುವೆಯಿಂದ ಹುಟ್ಟಿದ ಮಗುವಿನಲ್ಲಿ ಸರಾಸರಿ ಎಂಟರಲ್ಲಿ ಒಂದು ಪಾಲಿನ ಜೀನ್‌ಗಳು ಎರಡೂ ಕಡೆಯಿಂದ ಒಂದೇ ಪೂರ್ವಜರ ಪ್ರತಿಯಾಗಿ ಬರುವುದರಿಂದ ಇಂಥ ಅಪರೂಪದ ಕಾಯಿಲೆಗಳ ಸಂಭವ ಹೆಚ್ಚುತ್ತದೆ. ಇದನ್ನು ಕಾರಣವಾಗಿ ಹೇಳುತ್ತಿದ್ದೇನೆಯೇ ಹೊರತು ಆರೋಪವಾಗಿ ಅಲ್ಲ. ಮನೆಯ ಹಿರಿಯರು ನಿಮ್ಮೊಬ್ಬರ ಮೇಲೆ ಹೊಣೆ ಹೊರಿಸಿದರೆ, ಇಬ್ಬರ ಕಡೆಯಿಂದಲೂ ಬಾರದೆ ಈ ಕಾಯಿಲೆ ಸಾಮಾನ್ಯವಾಗಿ ಬರುವುದಿಲ್ಲ ಎಂಬ ಮಾತನ್ನು ಅವರಿಗೆ ತೋರಿಸಿರಿ. ಮಗಳ ಮುಂದಿನ ಬದುಕಿನ ಬಗ್ಗೆ ಹೇಳುವುದಾದರೆ, ಬೇಗ ಗುರುತಿಸಿ ಕಫ ನಿಲ್ಲದಂತೆ ನೋಡಿಕೊಂಡ ಮಕ್ಕಳಲ್ಲಿ ಹೆಚ್ಚಿನವರು ಓದಿ, ದುಡಿದು, ಸಂಸಾರ ಮಾಡುತ್ತಾರೆ; ಕೆಲವು ಜೀನ್‌ಗಳ ದೋಷದಲ್ಲಿ ಶ್ವಾಸಕೋಶದ ಹಾನಿ ಬೇಗ ಮುಂದುವರಿಯುವುದರಿಂದ ಯಾವ ಜೀನ್ ಎಂದು ತಿಳಿಯುವುದಕ್ಕೆ ಅರ್ಥವಿದೆ. ಗರ್ಭನಾಳದಲ್ಲೂ ಸಿಲಿಯಾ ಇರುವುದರಿಂದ ಗರ್ಭ ನಿಲ್ಲುವುದು ಕೆಲವರಿಗೆ ತಡವಾಗಬಹುದು, ಎಲ್ಲರಿಗೂ ಅಲ್ಲ. ಒಂಬತ್ತು ವರ್ಷದ ಹುಡುಗಿಯ ಬಗ್ಗೆ ಆ ಚಿಂತೆ ಈಗ ಅನಗತ್ಯ.

ಮಗನಿಗೆ ಹುಟ್ಟಿದಾಗ ಉಸಿರಾಟದ ತೊಂದರೆಯೂ ಇರಲಿಲ್ಲ, ಈಗ ವರ್ಷವಿಡೀ ಕೆಮ್ಮು-ನೆಗಡಿಯೂ ಇಲ್ಲ ಎಂದಾದರೆ ಅವನಿಗೆ ಸದ್ಯ ಯಾವ ಪರೀಕ್ಷೆಯೂ ಬೇಡ. ಮೂರನೆಯ ಮಗುವಿನ ಯೋಚನೆ ಇದ್ದರೆ ಮಾತ್ರ ಸ್ವಲ್ಪ ತಡೆಯಿರಿ. ಕಾಯಿಲೆ ಮರುಕಳಿಸುವ ಸಂಭವ ಪ್ರತಿ ಗರ್ಭದಲ್ಲೂ ನಾಲ್ಕರಲ್ಲಿ ಒಂದರಷ್ಟಿರುತ್ತದೆ. ಮಗಳ ರಕ್ತದಲ್ಲಿ ಜೀನ್ ಬದಲಾವಣೆ ಪತ್ತೆಯಾದರೆ ಅದೊಂದನ್ನೇ ಗರ್ಭದ ಆರಂಭದ ತಿಂಗಳುಗಳಲ್ಲಿ ಪರೀಕ್ಷಿಸಲು ಬರುತ್ತದೆ. ಆದ್ದರಿಂದ ಆ ರಿಪೋರ್ಟ್ ಕೈಗೆ ಬಂದ ಮೇಲೆ, ಗರ್ಭ ಧರಿಸುವ ಮೊದಲೇ, ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಜೆನೆಟಿಕ್ ಸಲಹೆಗಾರರನ್ನು ಕಾಣಿರಿ.